ಬಾಗಿಲು ತೆರೆಯುತ್ತದೆ, ಮುಚ್ಚುವುದಿಲ್ಲ: ಗ್ಯಾರೇಜ್ ಮೋಟರ್‌ಗೆ ಬಲ್ಬ್ ಹುಡುಕಿದ ನನ್ನ ಅನುಭವ

ಕುಮಟಾದ ನಮ್ಮ ಮನೆಯ ಕಾರ್ ಶೆಡ್ಡಿಗೆ ರಿಮೋಟ್ ಬಾಗಿಲು ಹಾಕಿಸಿದ್ದು ಮಳೆಗಾಗಿ. ಆಷಾಢದಲ್ಲಿ ಕಾರಿನಿಂದ ಇಳಿದು ಬಾಗಿಲು ತೆಗೆಯುವಷ್ಟರಲ್ಲಿ, ಕೊಡೆ ಇದ್ದರೂ ಪೂರ್ತಿ ತೋಯುತ್ತೇವೆ. ಮೋಟರ್ ಪೆಟ್ಟಿಗೆ ಸೀಲಿಂಗಿಗೆ ನೇತಾಡುತ್ತದೆ. ಅದರಲ್ಲೇ ಒಂದು ಬಲ್ಬ್ ಹೋಲ್ಡರ್ ಇದೆ. ಬಾಗಿಲು ಅಲುಗಿದ ಕೂಡಲೇ ಬಲ್ಬ್ ಹತ್ತುತ್ತದೆ, ನಾಲ್ಕೂವರೆ ನಿಮಿಷಕ್ಕೆ ತಾನೇ ಆರುತ್ತದೆ.

ಮೊದಲಿದ್ದ ಬಲ್ಬ್ ಹೋಯಿತು. ಮನೆಯಲ್ಲಿದ್ದವೆಲ್ಲ ಪಿನ್ ಬಲ್ಬ್, ಹೋಲ್ಡರ್ ಮಾತ್ರ ತಿರುಪಿನದು. ಅಡಾಪ್ಟರ್ ತಂದು, ಮನೆಯಲ್ಲಿದ್ದ ಒಂದು 9 ವಾಟ್ ಎಲ್‌ಇಡಿ ಹಾಕಿದೆ. ತೊಂದರೆ ಶುರುವಾಗಿದ್ದು ಅಲ್ಲಿಂದ. ಮನೆಗೆ ಬಂದಾಗ ಬಾಗಿಲು ಸರಿಯಾಗಿ ತೆರೆಯುತ್ತಿತ್ತು. ಹೊರಡುವಾಗ ಕಾರು ಹೊರಗೆ ತಂದು ರಿಮೋಟ್ ಒತ್ತಿದರೆ ಮುಚ್ಚುತ್ತಲೇ ಇರಲಿಲ್ಲ. ರಿಮೋಟಿನ ಸೆಲ್ ಬದಲಿಸಿದೆ. ನೋಡಲು ಬಂದ ಮೆಕ್ಯಾನಿಕ್, ಮೋಟರಿನೊಳಗೆ ರಿಮೋಟಿನ ಸಂಕೇತ ಹಿಡಿಯುವ ರಿಸೀವರ್ ಬೋರ್ಡೇ ಹೋಗಿದೆ, ಹೊಸದು ಹಾಕಬೇಕು ಅಂದರು.

ಜಗಲಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ ಆಯಿ ಹೇಳಿದಳು: "ತಮಾ, ಲೈಟ್ ಆರಿದ್ಮೇಲೆ ಬಾಗ್ಲು ಮುಚ್ತು ನೋಡು."

ಹೌದು! ಬಲ್ಬ್ ಬಿಚ್ಚಿಟ್ಟು ಒತ್ತಿದೆ. ರಸ್ತೆಯ ಗೇಟಿನ ಹತ್ತಿರದಿಂದಲೂ, ಅಂದರೆ ಸುಮಾರು 25 ಹೆಜ್ಜೆ ದೂರದಿಂದ, ಬಾಗಿಲು ಮುಚ್ಚಿತು. ಬಲ್ಬ್ ಹಾಕಿ ಹೊತ್ತಿಸಿ ನೋಡಿದೆ. ಬಾಗಿಲಿಗೆ ಮೂರು ಹೆಜ್ಜೆ ಹತ್ತಿರ ಹೋದರೆ ಮಾತ್ರ ಕೇಳುತ್ತಿತ್ತು. ಬೋರ್ಡಿನಲ್ಲಿ ಏನೂ ತಪ್ಪಿರಲಿಲ್ಲ.

ಕಾರಣ ಇಷ್ಟು. ಎಲ್‌ಇಡಿಗೆ ನಮ್ಮ 230 ವೋಲ್ಟ್ ಕರೆಂಟ್ ನೇರವಾಗಿ ಆಗುವುದಿಲ್ಲ. ಬಲ್ಬಿನ ಬುಡದಲ್ಲಿರುವ ಸಣ್ಣ ಡ್ರೈವರ್ ಅದನ್ನು ಬದಲಿಸಿ ಕೊಡುತ್ತದೆ. ಹೆಚ್ಚಿನ ಡ್ರೈವರ್‌ಗಳು ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಹಚ್ಚಿ ಆರಿಸುತ್ತವೆ. ಇದರಿಂದ ರೇಡಿಯೋ ಗದ್ದಲ, ಅಂದರೆ ಕಿವಿಗೆ ಕೇಳದ, ರೇಡಿಯೋ ಅಲೆಗೆ ಅಡ್ಡಬರುವ ಗದ್ದಲ ಏಳುತ್ತದೆ. ಒಳ್ಳೆಯ ಬಲ್ಬಿನಲ್ಲಿ ಅದನ್ನು ತಡೆಯುವ ಫಿಲ್ಟರ್ ಇರುತ್ತದೆ. ಅಗ್ಗದ ಬಲ್ಬಿನಲ್ಲಿ ಖರ್ಚು ಉಳಿಸಲು ಮೊದಲು ಬಿಡುವುದೇ ಅದನ್ನು. ನನ್ನ ರಿಮೋಟ್ ಹಿಂದೆ 433.92 ಮೆಗಾಹರ್ಟ್ಸ್ ಅಂತ ಬರೆದಿದೆ, ಅದು ಕಳಿಸುವ ರೇಡಿಯೋ ಅಲೆ ಅಷ್ಟರದು. ಗದ್ದಲ ಅಲ್ಲಿಯವರೆಗೂ ಹಬ್ಬುತ್ತದೆ. ರಿಸೀವರಿನ ಆಂಟೆನಾ ತಂತಿ ಬಲ್ಬಿಗೆ ಒಂದು ಗೇಣು ದೂರದಲ್ಲಿ ನೇತಾಡುತ್ತಿತ್ತು. ಜಾತ್ರೆಯಲ್ಲಿ ಧ್ವನಿವರ್ಧಕದ ಕೆಳಗೆ ನಿಂತವನಿಗೆ ದೂರದಿಂದ ಕೂಗಿದರೆ ಕೇಳುತ್ತದಾ?

ಹಳೇ ತಂತಿ ಬಲ್ಬಿನಿಂದ ಈ ಗದ್ದಲ ಇಲ್ಲ. ಆದರೆ ಮೋಟರಿನ ನಡುಕಕ್ಕೆ ಅದರ ತಂತಿ ಬೇಗ ಕಡಿಯುತ್ತದೆ. ಬಿಸಿಯೂ ಜಾಸ್ತಿ, ಸುತ್ತ ಇರುವುದು ಪ್ಲಾಸ್ಟಿಕ್ ಮುಚ್ಚಳ. ಸಿಎಫ್‌ಎಲ್ ಕೂಡ ಗದ್ದಲ ಮಾಡುತ್ತದೆ. ಹಾಗಾಗಿ ಎಲ್‌ಇಡಿಯಲ್ಲೇ ಒಳ್ಳೆಯದನ್ನು ಹುಡುಕಲು ಹೊರಟೆ.

ಆಯಿ ಧಾರವಾಡ ಆಕಾಶವಾಣಿ ಕೇಳುವ ಸಣ್ಣ ರೇಡಿಯೋವನ್ನು ಅಂಗಡಿಗೆ ಒಯ್ದೆ. 765 ಕಿಲೋಹರ್ಟ್ಸ್‌ಗೆ ಇಟ್ಟು, ಅಂಗಡಿಯವರು ಹೊತ್ತಿಸಿ ತೋರಿಸಿದ ಬಲ್ಬಿನ ಹತ್ತಿರ ಹಿಡಿದೆ. ಎರಡು ಬಲ್ಬ್ ಹತ್ತಿದ ಕೂಡಲೇ ಬರೀ ಗರಗರ, ಹಾಡು ಮುಳುಗೇ ಹೋಯಿತು. ಇನ್ನೆರಡರಲ್ಲಿ ಸದ್ದು ತೀರ ಕಡಿಮೆ. ರೇಡಿಯೋದ ಅಲೆ ಬೇರೆ, ರಿಮೋಟಿನದು ಬೇರೆ. ಹಾಗಾಗಿ ರೇಡಿಯೋ ಸುಮ್ನಿದ್ದರೆ ಬಲ್ಬ್ ಪಾಸಾಯಿತು ಅಂತಲ್ಲ. ಆದರೆ ಗಲಾಟೆ ಜಾಸ್ತಿ ಇರುವುದನ್ನು ಅಲ್ಲೇ ಬಿಟ್ಟು ಬರಬಹುದು. ಆಮೇಲೆ ಪ್ರತಿ ಬಲ್ಬನ್ನೂ ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ಏನಾದರೂ ಸಡಿಲ ಇದ್ದರೆ ಮೋಟರಿನ ನಡುಕಕ್ಕೆ ಅದು ಬಾಳುವುದಿಲ್ಲ.

ಕೊನೆಗೆ ತಂದದ್ದು ತಿರುಪಿನ ಬುಡದ 7 ವಾಟ್ ಎಲ್‌ಇಡಿ. ಅಡಾಪ್ಟರ್ ಕಿತ್ತು ಎಸೆದೆ. ಅದು ಬಲ್ಬನ್ನು ಉದ್ದ ಮಾಡುತ್ತಿತ್ತು, ಮುಚ್ಚಳ ಕೂರುತ್ತಿರಲಿಲ್ಲ, ನಡುಕಕ್ಕೆ ಸಡಿಲವೂ ಆಗುತ್ತಿತ್ತು. ಮುಚ್ಚಿದ ಜಾಗದಲ್ಲಿ ಎಲ್‌ಇಡಿ ಬಿಸಿಯಾಗಿ ಬೇಗ ಹೋಗುತ್ತದೆ ಅನ್ನುವುದು ನಿಜ. ಆದರೆ ಒಂದು ಸಲಕ್ಕೆ ನಾಲ್ಕೂವರೆ ನಿಮಿಷ ತಾನೇ ಉರಿಯುವುದು? ಅದಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ವೈಫೈ ಬಲ್ಬ್ ಮಾತ್ರ ಇಲ್ಲಿಗೆ ಬೇಡ. ಮೋಟರೇ ಅದರ ಕರೆಂಟ್ ಕಡಿಯುವುದರಿಂದ ಅದು ಸುಮ್ನೆ ದಂಡ.

ಹಾಕುವ ಮೊದಲು ಮೋಟರಿನ ಪ್ಲಗ್ಗನ್ನೇ ಕಿತ್ತೆ. ಇದನ್ನು ದಯವಿಟ್ಟು ಎಲ್ಲರೂ ಮಾಡಿ. ಫೇಸ್, ನ್ಯೂಟ್ರಲ್ ಅದಲುಬದಲಾಗಿದ್ದರೆ ತಿರುಪಿನ ಹೋಲ್ಡರಿನ ಹೊರಗಿನ ಲೋಹದಲ್ಲೇ ಕರೆಂಟ್ ಇರುತ್ತದೆ. ಸಮುದ್ರದ ಉಪ್ಪುಗಾಳಿಗೆ ಹೋಲ್ಡರ್ ಹಸಿರು ಹಿಡಿದಿತ್ತು, ಒಣ ಬಟ್ಟೆಯಲ್ಲಿ ತಿಕ್ಕಿದೆ. ಆಂಟೆನಾ ತಂತಿಯನ್ನು ಬಲ್ಬಿನಿಂದ ದೂರ ಸರಿಸಿ ನೇರ ಇಳಿಬಿಟ್ಟೆ.

ಮತ್ತೆ ಹೆಜ್ಜೆ ಎಣಿಸಿದೆ. ಬಲ್ಬ್ ಹೊತ್ತಿರುವಾಗಲೇ 22 ಹೆಜ್ಜೆಯಿಂದ ಬಾಗಿಲು ಮುಚ್ಚಿತು. ಅದೇ ಅಂಗಡಿಗೆ ಹೋಗಿ ಅದೇ ಡಬ್ಬಿಯಿಂದ ಇನ್ನೆರಡು ತಂದಿಟ್ಟೆ. ಒಂದೇ ಹೆಸರಿನ ಬಲ್ಬ್ ಆದರೂ ಮುಂದಿನ ಸಲ ಬರುವಾಗ ಒಳಗಿನ ಡ್ರೈವರ್ ಬೇರೆ ಇರಬಹುದು, ಅಲ್ವಾ?