ಎರಡು ಬಲಿಷ್ಠ ಪ್ರೊಸೆಸರ್: ನಿಮ್ಮ ಲ್ಯಾಪ್‌ಟಾಪಿಗೆ ಯಾವುದು? ಆರಿಸುವುದು ಹೇಗೆ?

ಮುಂಬೈ ಬಳಿಯ ಡೊಂಬಿವಲಿಯಲ್ಲಿರುವ ನನ್ನ ಸೋದರಳಿಯನಿಗೆ ವಾರವಿಡೀ ಐರೋಲಿಯ ಸಾಫ್ಟ್‌ವೇರ್ ಕಚೇರಿ, ರಜಾದಿನಗಳಲ್ಲಿ ಮದುವೆ ವಿಡಿಯೊಗಳ ಸಂಕಲನ, ಉಳಿದ ರಾತ್ರಿಗಳಲ್ಲಿ ಗೇಮ್. ಮೂರಕ್ಕೂ ಒಂದೇ ಲ್ಯಾಪ್‌ಟಾಪ್ ಬೇಕೆಂದು ಅವನು ಚೀಟಿಯಲ್ಲಿ ಎರಡು ಹೆಸರು ಬರೆದುಕೊಂಡು ಬಂದ: ಇಂಟೆಲ್ ಕೋರ್ ಐ9-14900ಎಚ್‌ಎಕ್ಸ್ ಮತ್ತು ಎಎಂಡಿ ರೈಜನ್ 9 7945ಎಚ್‌ಎಕ್ಸ್. "ಇವೆರಡರಲ್ಲಿ ಯಾವುದು ದೊಡ್ಡದು ಮಾವ?" ಎಂದು ಕೇಳಿದ.

ಅವನು ಕೇಳಿದ ಹಾಗೆ ಕೇಳಿದರೆ ಉತ್ತರ ಸಿಗುವುದಿಲ್ಲ. ನನ್ನ ಕೆಲಸಕ್ಕೆ, ನನ್ನ ಕೋಣೆಯ ಸೆಕೆಯಲ್ಲಿ, ಈ ಲ್ಯಾಪ್‌ಟಾಪಿನ ಒಡಲಲ್ಲಿ ಯಾವುದು ಚೆನ್ನಾಗಿ ದುಡಿಯುತ್ತದೆ ಎಂದು ಕೇಳಿದರೆ ಸಿಗುತ್ತದೆ. ನಾವಿಬ್ಬರೂ ಆ ಉತ್ತರ ಹುಡುಕಿದ ಬಗೆಯನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತೇನೆ. ಲಕ್ಷ ರೂಪಾಯಿ ದಾಟುವ ಖರೀದಿ ಇದು, ಅವಸರ ಸಲ್ಲದು.

ಮೊದಲು ಹೆಸರನ್ನು ಅಕ್ಷರ ಬಿಡದೆ ಓದಿ

ಮೋಸ ಹೋಗುವುದು ಹೆಚ್ಚಾಗಿ ಇಲ್ಲಿಯೇ. ರೈಜನ್ 9 8945ಎಚ್‌ಎಸ್ ಎಂಬ ಇನ್ನೊಂದು ಚಿಪ್ ಇದೆ. 7945ಕ್ಕಿಂತ 8945 ದೊಡ್ಡ ಸಂಖ್ಯೆ, ಆದ್ದರಿಂದ ಹೆಚ್ಚು ಶಕ್ತಿಯದ್ದು ಎಂದುಕೊಂಡರೆ ಕೆಟ್ಟೆವು. ಅದರಲ್ಲಿರುವುದು 8 ಕೋರ್ (ಲೆಕ್ಕ ಮಾಡುವ ಘಟಕ), 7945ಎಚ್‌ಎಕ್ಸ್‌ನಲ್ಲಿ 16. ಎಎಂಡಿಯ ಈ ಹೆಸರುಗಳಲ್ಲಿ ಮೊದಲ ಅಂಕಿ ಬಿಡುಗಡೆಯ ವರ್ಷದ ಗುರುತು, ಅಷ್ಟೇ. ಇಂಟೆಲ್‌ನಲ್ಲಿಯೂ ಹಾಗೆಯೇ: ಐ9-13900ಎಚ್ ಎಂದರೆ 14 ಕೋರ್, ಐ9-14900ಎಚ್‌ಎಕ್ಸ್ ಎಂದರೆ 24. ಕೊನೆಯ 'ಎಚ್‌ಎಕ್ಸ್' ಅಕ್ಷರಗಳು ಬಿಲ್ಲಿನಲ್ಲಿಯೂ ಇರಲಿ.

ಒಳಗೆ ಏನಿದೆ?

ಮುಂಬೈಯ ಕನ್ನಡಿಗರಿಗೆ ಉಡುಪಿ ಹೋಟೆಲಿನ ಅಡುಗೆಮನೆಯಿಂದಲೇ ಇದನ್ನು ಹೇಳಬಹುದು. ಇಂಟೆಲ್ ಚಿಪ್ ಒಂದೇ ದೊಡ್ಡ ಅಡುಗೆಮನೆ. ಕೋರ್‌ಗಳೇ ಅಲ್ಲಿನ ಕೆಲಸಗಾರರು: ಎಂಟು ಮಂದಿ ನುರಿತ ಭಟ್ಟರು, ಹದಿನಾರು ಮಂದಿ ಸಹಾಯಕರು. ಭಟ್ಟರು ಎರಡೆರಡು ಒಲೆ ನೋಡಿಕೊಳ್ಳುತ್ತಾರೆ, ಸಹಾಯಕರು ಒಂದೊಂದು. ಎಎಂಡಿಯದ್ದು ಅಕ್ಕಪಕ್ಕದ ಎರಡು ಅಡುಗೆಮನೆ. ಒಂದೊಂದರಲ್ಲಿ ಎಂಟೆಂಟು ಭಟ್ಟರು, ಸಹಾಯಕರೇ ಇಲ್ಲ, ಎಲ್ಲರಿಗೂ ಎರಡೆರಡು ಒಲೆ. ಒಲೆಗಳನ್ನು ಎಣಿಸಿದರೆ ಎರಡೂ ಕಡೆ 32. ಇವನ್ನೇ ಥ್ರೆಡ್ ಎನ್ನುತ್ತಾರೆ.

ಇನ್ನು ಉಗ್ರಾಣ, ಅಂದರೆ ಕ್ಯಾಶ್ ಮೆಮೊರಿ. ಇಂಟೆಲ್‌ನಲ್ಲಿ ಎಲ್ಲರಿಗೂ ಸೇರಿ 36 ಎಂಬಿ ಎಲ್3 ಕ್ಯಾಶ್. ಎಎಂಡಿಯಲ್ಲಿ 64 ಎಂಬಿ, ಆದರೆ ಅಡುಗೆಮನೆಗೆ 32ರಂತೆ ಹಂಚಿಕೆ. ಒಂದು ಮನೆಯವರಿಗೆ ಇನ್ನೊಂದು ಮನೆಯಿಂದ ಸಾಮಾನು ಬೇಕಾದರೆ ನಡೆದು ಹೋಗಿ ತರಬೇಕು, ಅಷ್ಟು ಹೊತ್ತು ವ್ಯರ್ಥ. ಗೇಮ್‌ಗಳು ಸಾಮಾನ್ಯವಾಗಿ ಎಂಟು ಕೋರ್‌ಗಳೊಳಗೆ ಮುಗಿಯುವುದರಿಂದ ಈ ಓಡಾಟ ಹೆಚ್ಚು ಕಾಡುವುದಿಲ್ಲ. 128 ಎಂಬಿ ಎಲ್3 ಇರುವ 7945ಎಚ್‌ಎಕ್ಸ್3ಡಿ ಗೇಮಿಗೆ ಇನ್ನೂ ಒಳ್ಳೆಯದು, ಆದರೆ ಅದು ಬೆರಳೆಣಿಕೆಯ ಮಾದರಿಗಳಲ್ಲಿ ಮಾತ್ರ ಬಂದಿತು.

ಗರಿಷ್ಠ ವೇಗ ಇಂಟೆಲ್‌ಗೆ 5.8 ಗಿಗಾಹರ್ಟ್ಜ್, ಎಎಂಡಿಗೆ 5.4. ಇದು ಒಂದೆರಡು ಕೋರ್‌ಗಳು ಕ್ಷಣಕಾಲ ಮುಟ್ಟುವ ವೇಗ. ಅರ್ಧ ಗಂಟೆ ರೆಂಡರ್, ಅಂದರೆ ವಿಡಿಯೊ ಅಥವಾ ಚಿತ್ರವನ್ನು ಅಂತಿಮ ರೂಪಕ್ಕೆ ತರುವ ಕೆಲಸ, ನಡೆಯುವಾಗ ಈ ಅಂಕಿ ಎಲ್ಲಿಯೂ ಕಾಣಿಸುವುದಿಲ್ಲ.

ವ್ಯಾಟ್ ಕೇಳದೆ ಮುಂದೆ ಹೋಗಬೇಡಿ

ನನ್ನ ಮಟ್ಟಿಗೆ ಇಡೀ ಆಯ್ಕೆ ನಿಂತಿರುವುದು ಇಲ್ಲಿ. ಎರಡೂ ಚಿಪ್‌ಗಳ ಮೂಲ ಶಕ್ತಿ 55 ವ್ಯಾಟ್. ಇಂಟೆಲ್ ಗರಿಷ್ಠ 157 ವ್ಯಾಟ್ ಬೇಡುತ್ತದೆ. ತನ್ನ ಚಿಪ್ಪನ್ನು ಲ್ಯಾಪ್‌ಟಾಪ್ ತಯಾರಕರು 75ರವರೆಗೆ ಏರಿಸಿಕೊಳ್ಳಬಹುದು ಎಂದು ಎಎಂಡಿ ಹೇಳುತ್ತದೆ, ಕೆಲವರು ಅದಕ್ಕೂ ಹೆಚ್ಚು ಕೊಡುತ್ತಾರೆ. ಎಎಂಡಿಯ ಕೋರ್‌ಗಳು ತೈವಾನಿನ ಚಿಪ್ ತಯಾರಕ ಟಿಎಸ್‌ಎಂಸಿಯ 5 ನ್ಯಾನೋಮೀಟರ್ ತಂತ್ರದಲ್ಲಿ ತಯಾರಾದವು, ಇಂಟೆಲ್‌ನದ್ದು 'ಇಂಟೆಲ್ 7' ಎಂಬ ಅದಕ್ಕಿಂತ ಹಳೆಯ ತಲೆಮಾರಿನ ತಂತ್ರ. ಹಾಗಾಗಿ 70-80 ವ್ಯಾಟಿನಲ್ಲಿ ಕಟ್ಟಿಹಾಕಿದರೆ ಎಎಂಡಿ ಹೆಚ್ಚು ಕೆಲಸ ಮಾಡಿ ತೋರಿಸುತ್ತದೆ. ಧಾರಾಳವಾಗಿ ವಿದ್ಯುತ್ತನ್ನೂ ಗಾಳಿಯನ್ನೂ ಕೊಟ್ಟರೆ ಇಂಟೆಲ್ ಅದರ ಸಮಕ್ಕೆ ಬರುತ್ತದೆ, ಒಂದೇ ಕೋರಿನ ಕೆಲಸದಲ್ಲಿ ತುಸು ಮುಂದೆಯೂ ಹೋಗುತ್ತದೆ.

ಇದರ ಅರ್ಥ ಸ್ಪಷ್ಟ. ತೆಳ್ಳಗಿನ ಲ್ಯಾಪ್‌ಟಾಪಾದರೆ ಎಎಂಡಿ ಜಾಣ ಆಯ್ಕೆ. ಇಂಟೆಲ್ ಬೇಕೆಂದರೆ ದಪ್ಪ ಒಡಲು, ದೊಡ್ಡ ಫ್ಯಾನ್, ತೂಕದ ಅಡಾಪ್ಟರ್ ಇರುವುದನ್ನೇ ಕೊಳ್ಳಿ. ಬೆಳಗ್ಗೆ ಎಂಟರ ಲೋಕಲ್‌ನಲ್ಲಿ ಎರಡೂವರೆ ಕಿಲೋ ಲ್ಯಾಪ್‌ಟಾಪ್, ಮೇಲೆ ಒಂದು ಕಿಲೋದಷ್ಟು ಅಡಾಪ್ಟರ್ ಬೆನ್ನಿಗೆ ಹಾಕಿಕೊಂಡು ನಿಲ್ಲುವುದು ನಿಮ್ಮಿಂದ ಆಗುತ್ತದೆಯೇ ಎಂದು ಅಂಗಡಿಯಲ್ಲಿಯೇ ಹೊತ್ತು ನೋಡಿ. ಬ್ಯಾಟರಿಯಲ್ಲಿ ಇವೆರಡರಿಂದಲೂ ಪೂರ್ತಿ ಶಕ್ತಿ ನಿರೀಕ್ಷಿಸಬೇಡಿ, ಇವು ಪ್ಲಗ್ ಹಾಕಿಯೇ ದುಡಿಯುವ ಜಾತಿ.

ಕೆಲಸದ ಪಟ್ಟಿ ಬರೆಯಿರಿ

ಕೋಡ್ ಕಂಪೈಲ್, ವರ್ಚುವಲ್ ಮಷೀನ್, ಬ್ಲೆಂಡರ್ ಎಂಬ 3ಡಿ ತಂತ್ರಾಂಶದ ರೆಂಡರ್: ಎರಡೂ ಸಮರ್ಥ. ಒಂದೇ ಏಟಿಗೆ ಹಲವು ಲೆಕ್ಕ ಮಾಡಿಸುವ ಎವಿಎಕ್ಸ್-512 ಸೂಚನೆಗಳನ್ನು ಬಳಸುವ ಲೆಕ್ಕಾಚಾರದ ಕೆಲಸವಿದ್ದರೆ ಆ ಸೌಲಭ್ಯ ಇರುವುದು ಎಎಂಡಿಯಲ್ಲಿ. ಥಂಡರ್‌ಬೋಲ್ಟ್ ಎಂಬ ವೇಗದ ಕೇಬಲ್ ಜೋಡಣೆಯ ಡಿಸ್ಕ್ ಅಥವಾ ಡಾಕ್ ಈಗಾಗಲೇ ನಿಮ್ಮ ಬಳಿ ಇದ್ದರೆ ಇಂಟೆಲ್ ಲ್ಯಾಪ್‌ಟಾಪುಗಳತ್ತ ನೋಡಿ.

ವಿಡಿಯೊ ಸಂಕಲನದ ವಿಷಯ ಸ್ವಲ್ಪ ನಿಂತು ಹೇಳಬೇಕು, ಅಳಿಯನ ತೀರ್ಮಾನ ಇದರ ಮೇಲೆಯೇ ಆದದ್ದು. ಈಗಿನ ಕ್ಯಾಮೆರಾಗಳಲ್ಲಿ ಅನೇಕರು ಮದುವೆಯನ್ನು 10 ಬಿಟ್, 4:2:2, ಎಚ್.265 ರೂಪದಲ್ಲಿ ಚಿತ್ರೀಕರಿಸುತ್ತಾರೆ. ಬಣ್ಣ ತಿದ್ದಲು ಇದು ಬಹಳ ಒಳ್ಳೆಯದು, ಆದರೆ ಬಿಡಿಸಿ ತೋರಿಸಲು ಕಂಪ್ಯೂಟರಿಗೆ ಕಷ್ಟ. ಇಂಟೆಲ್‌ನ ಒಳಗ್ರಾಫಿಕ್ಸ್‌ನಲ್ಲಿರುವ (ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್) ಕ್ವಿಕ್ ಸಿಂಕ್ ಎಂಬ ಘಟಕ ಈ ರೂಪವನ್ನು ನೇರವಾಗಿ ಬಿಡಿಸಬಲ್ಲದು. 7945ಎಚ್‌ಎಕ್ಸ್‌ನ ಒಳಗ್ರಾಫಿಕ್ಸ್ ಆದ ರೇಡಿಯಾನ್ 610ಎಂ ಬಿಡಿಸಲಾರದು, ಎನ್‌ವಿಡಿಯಾದ ಆರ್‌ಟಿಎಕ್ಸ್ 40 ಸರಣಿಯ ಗ್ರಾಫಿಕ್ಸ್ ಕಾರ್ಡುಗಳೂ ಬಿಡಿಸಲಾರವು. ಆರ್‌ಟಿಎಕ್ಸ್ 50 ಸರಣಿಗೆ ಆ ಶಕ್ತಿ ಬಂದಿದೆ. ಇನ್ನೊಂದು ಎಚ್ಚರಿಕೆ: ಗೇಮಿಗಾಗಿ ಮಕ್ಸ್ ಸ್ವಿಚ್ (ಪರದೆಗೆ ಯಾವ ಗ್ರಾಫಿಕ್ಸ್ ಜೋಡಿಸಬೇಕೆಂದು ಆರಿಸುವ ವ್ಯವಸ್ಥೆ) ಬಳಸಿ ಎನ್‌ವಿಡಿಯಾ ಕಾರ್ಡ್ ಒಂದನ್ನೇ ಚಾಲೂ ಇಟ್ಟರೆ ಒಳಗ್ರಾಫಿಕ್ಸ್ ಮಲಗುತ್ತದೆ, ಅದರೊಂದಿಗೆ ಕ್ವಿಕ್ ಸಿಂಕ್ ಕೂಡ. ಸಂಕಲನಕ್ಕೆ ಕೂರುವ ಮೊದಲು ಸ್ವಿಚ್ ಅನ್ನು ಹಿಂದಕ್ಕೆ ತರಬೇಕು.

ಗೇಮಿನ ಮಾತು ಇಷ್ಟೇ. 1080ಪಿ ಪರದೆಯಲ್ಲಿ ಕೌಂಟರ್-ಸ್ಟ್ರೈಕ್ 2, ವೆಲೊರಂಟ್‌ನಂತಹವನ್ನು 240 ಹರ್ಟ್ಜ್‌ನಲ್ಲಿ ಆಡುವವರಿಗೆ ಪ್ರೊಸೆಸರ್ ಮುಖ್ಯ. 2560×1600 ಪರದೆಯಲ್ಲಿ ಸೈಬರ್‌ಪಂಕ್ 2077 ಆಡುವವರು ಪ್ರೊಸೆಸರಿಗೆ ಸುರಿಯುವ ದುಡ್ಡನ್ನು ಗ್ರಾಫಿಕ್ಸ್ ಕಾರ್ಡಿಗೆ ಕೊಡಲಿ. ಅಲ್ಲಿಯೂ ವ್ಯಾಟ್ ಕೇಳಿ: ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4070 ಮಾದರಿಗೆ ತಕ್ಕಂತೆ 35ರಿಂದ 115 ವ್ಯಾಟ್‌ವರೆಗೆ ಸಿಗುತ್ತದೆ. ಹೆಸರು ಒಂದೇ ಆದರೂ ಆಟ ಒಂದೇ ಅಲ್ಲ.

ಅಂಗಡಿಯಲ್ಲಿ ಅರ್ಧ ಗಂಟೆ

ದಾದರಿನಲ್ಲಿ ಗಾಡಿ ಬದಲಿಸಿ ಗ್ರ್ಯಾಂಟ್ ರೋಡಿನಲ್ಲಿಳಿದು ಲ್ಯಾಮಿಂಗ್ಟನ್ ರಸ್ತೆಗೆ ನಡೆದೆವು. ಮೊದಲ ಅಂಗಡಿಯವರು ಡಬ್ಬಿ ತೆರೆಯಲೂ ಒಪ್ಪಲಿಲ್ಲ. ನಾವು ವಾದಿಸದೆ ಹೊರಬಂದೆವು. ಎರಡನೆಯ ಕಡೆ ಪ್ರದರ್ಶನಕ್ಕಿಟ್ಟ ಮಾದರಿಗಳನ್ನು ಮುಟ್ಟಲು ಬಿಟ್ಟರು.

ಚಾರ್ಜರ್ ಹಾಕಿ ಸಿನೆಬೆಂಚ್ ಎಂಬ ಪ್ರೊಸೆಸರ್ ಪರೀಕ್ಷೆಯ ತಂತ್ರಾಂಶ ಓಡಿಸಿ, ಹತ್ತು ನಿಮಿಷದ ಪರೀಕ್ಷೆಯನ್ನೇ ಆರಿಸಿ. ಪಕ್ಕದಲ್ಲಿ ಚಿಪ್ಪಿನ ವ್ಯಾಟ್, ತಾಪ ತೋರಿಸುವ ಎಚ್‌ಡಬ್ಲ್ಯೂ-ಇನ್ಫೊ ತೆರೆದಿಟ್ಟು, ಸಿಪಿಯು ಪ್ಯಾಕೇಜ್ ಪವರ್ ಎಂಬ ಸಾಲನ್ನು ನೋಡುತ್ತಿರಿ. ಮೊದಲ ನಿಮಿಷದ ವ್ಯಾಟ್ ಬರೆದುಕೊಳ್ಳಿ, ಎಂಟನೆಯ ನಿಮಿಷದ್ದನ್ನೂ ಬರೆದುಕೊಳ್ಳಿ. ಎರಡರ ನಡುವಿನ ಅಂತರವೇ ಆ ಲ್ಯಾಪ್‌ಟಾಪಿನ ಬಂಡವಾಳ. ಬಳಿಕ ಅದೇ ಪರೀಕ್ಷೆಯನ್ನು ಸದ್ದಿಲ್ಲದ ಮೋಡಿನಲ್ಲಿ ಓಡಿಸಿ, ಮನೆಯಲ್ಲಿ ನೀವು ಹೆಚ್ಚು ಬಳಸುವುದು ಅದನ್ನೇ.

ಅಂಗಡಿಯ ಎಸಿ 24 ಡಿಗ್ರಿಯಲ್ಲಿತ್ತು. ಮೇ ತಿಂಗಳಲ್ಲಿ ಡೊಂಬಿವಲಿಯ ಕೋಣೆ 33-34ರಲ್ಲಿರುತ್ತದೆ. ಆ ಹತ್ತು ಡಿಗ್ರಿ ಹೆಚ್ಚು ಕಡಿಮೆ ಹಾಗೆಯೇ ಚಿಪ್ಪಿನ ತಾಪಕ್ಕೂ ಸೇರುತ್ತದೆ. ಅಂಗಡಿಯಲ್ಲಿಯೇ ಚಿಪ್ 95 ಡಿಗ್ರಿ ಮುಟ್ಟಿದರೆ ಮನೆಯಲ್ಲಿ ಅದು ವೇಗ ತಗ್ಗಿಸಿಕೊಳ್ಳುವುದು ಖಚಿತ. ರ‍್ಯಾಮ್ ಒಂದೇ ಕಡ್ಡಿಯೋ ಎರಡೋ ಎಂದೂ ನೋಡಿ, ಎರಡಿರಬೇಕು.

2025ರಲ್ಲಿ ಕೋರ್ ಅಲ್ಟ್ರಾ 9 275ಎಚ್‌ಎಕ್ಸ್ ಮತ್ತು ರೈಜನ್ 9 9955ಎಚ್‌ಎಕ್ಸ್ ಬಂದಿವೆ. ಅವನ್ನು ಹೋಲಿಸುವಾಗಲೂ ಇದೇ ಪರೀಕ್ಷೆ ಸಾಕು.

ಅಳಿಯ ಕೊನೆಗೆ ಇಂಟೆಲ್ ಇದ್ದ ದಪ್ಪ ಮಾದರಿಯನ್ನು ಕೊಂಡ, ಮದುವೆ ವಿಡಿಯೊಗಳಿಗಾಗಿ. ಬರೀ ಕೋಡ್ ಮತ್ತು ಗೇಮ್ ಇದ್ದಿದ್ದರೆ ನಾನು ಎಎಂಡಿಯನ್ನೇ ಕೊಡಿಸುತ್ತಿದ್ದೆ. ರಾತ್ರಿ ಗೇಮ್ ಆಡುವಾಗ ಅವನು ಫ್ರೇಮ್ ಮಿತಿಯನ್ನು (ಸೆಕೆಂಡಿಗೆ ತೋರಿಸುವ ಚಿತ್ರಗಳ ಮಿತಿ) 90ಕ್ಕೆ ಇಟ್ಟುಕೊಳ್ಳುತ್ತಾನೆ. ಆಗ ಫ್ಯಾನ್ ಸದ್ದು ತಗ್ಗುತ್ತದೆ, ಅದೇ ಕೋಣೆಯಲ್ಲಿ ಮಲಗುವ ಅವನ ಅಜ್ಜಿಗೆ ನಿದ್ದೆ ಕೆಡುವುದಿಲ್ಲ.