ಕಡಿಮೆ ದುಡ್ಡಿನಲ್ಲಿ ಹಕ್ಕಿ ಕ್ಯಾಮೆರಾ: ಗದಗಿನ ಕನ್ನಡಕದ ಅಂಗಡಿಯಿಂದ

ಗದಗಿನಲ್ಲಿ ನನ್ನದು ಕನ್ನಡಕದ ಅಂಗಡಿ. ಚಳಿಗಾಲ ಬಂತೆಂದರೆ ಕನ್ನಡಕಕ್ಕೆ ಬರುವವರ ಜೊತೆಗೆ ಕ್ಯಾಮೆರಾ ವಿಚಾರಿಸುವವರೂ ಬರುತ್ತಾರೆ. ಗೋಡೆಯ ಮೇಲೆ ಮಾಗಡಿ ಕೆರೆಯ ಹೆಬ್ಬಾತುಗಳ ಫೋಟೊ ತೂಗುಹಾಕಿದ್ದೇನೆ. ಅದನ್ನು ನೋಡಿದವರ ಮೊದಲ ಪ್ರಶ್ನೆ ಒಂದೇ: ‘ಅಣ್ಣಾ, ಇದು ಎಷ್ಟು ಎಕ್ಸ್ ಕ್ಯಾಮೆರಾ?’ ಹೋದ ವಾರ ಶಿರಹಟ್ಟಿ ಕಡೆಯಿಂದ ಬಂದ ಹುಡುಗನೂ ಅದನ್ನೇ ಕೇಳಿದ. ಮೂವತ್ತು ಸಾವಿರ ರೂಪಾಯಿ ಕೂಡಿಟ್ಟುಕೊಂಡು ಬಂದಿದ್ದ. ಒಂದು ತಾಸು ಕೂಡಿಸಿಕೊಂಡು ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಷ್ಟು ಎಕ್ಸ್, ಅಂದರೆ ಎಷ್ಟು ಪಟ್ಟು ಜೂಮ್ ಎಂಬುದನ್ನು ಸದ್ಯಕ್ಕೆ ಬದಿಗಿಡಿ. ನಿಮ್ಮ ಹಕ್ಕಿ ಎಷ್ಟು ದೊಡ್ಡದು, ಎಷ್ಟು ದೂರದಲ್ಲಿ ಕೂರುತ್ತದೆ ಎಂಬುದನ್ನು ಮೊದಲು ಲೆಕ್ಕ ಹಾಕಿ. ಗದಗಿನಿಂದ ಸುಮಾರು 26 ಕಿಲೋಮೀಟರ್ ದೂರದ ಮಾಗಡಿ ಕೆರೆಗೆ ನವೆಂಬರ್ ಹೊತ್ತಿಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ, ಮಾರ್ಚ್ ಹೊತ್ತಿಗೆ ಹಿಂದಿರುಗುತ್ತವೆ. 2024ರಲ್ಲಿ ಈ ಕೆರೆ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ಏರಿಯ ಮೇಲೆ ನಿಂತರೆ ಹಿಂಡು ನೂರು, ನೂರೈವತ್ತು ಮೀಟರ್ ಆಚೆ ನೀರಿನ ಮೇಲಿರುತ್ತದೆ. ಹಕ್ಕಿಯ ಉದ್ದ ಮುಕ್ಕಾಲು ಮೀಟರ್‌ಗೆ ಹತ್ತಿರ. ಈಗ ಲೆಕ್ಕ ನೋಡಿ: 36ನ್ನು ಮೀಟರ್‌ನಲ್ಲಿರುವ ದೂರದಿಂದ ಗುಣಿಸಿ, ಕ್ಯಾಮೆರಾ ಪೆಟ್ಟಿಗೆಯ ಮೇಲೆ ಬರೆದ ‘35 ಮಿ.ಮೀ. ಸಮಾನ’ ಜೂಮ್ ಅಂಕಿಯಿಂದ ಭಾಗಿಸಿದರೆ ಚಿತ್ರದೊಳಗೆ ಎಷ್ಟು ಮೀಟರ್ ಅಗಲ ಹಿಡಿಯುತ್ತದೆ ಎಂಬುದು ಸಿಗುತ್ತದೆ. ನೂರೈವತ್ತು ಮೀಟರ್ ದೂರಕ್ಕೆ 400ರಲ್ಲಿ ಹದಿಮೂರೂವರೆ ಮೀಟರ್, 1200ರಲ್ಲಿ ನಾಲ್ಕೂವರೆ ಮೀಟರ್, 2000ದಲ್ಲಿ 2.7 ಮೀಟರ್. ಅಂದರೆ 2000ದಲ್ಲಿ ಹೆಬ್ಬಾತು ಚಿತ್ರದ ಕಾಲು ಭಾಗ ತುಂಬುತ್ತದೆ, 400ರಲ್ಲಿ ಕಾಳಿನಷ್ಟು ಕಾಣುತ್ತದೆ. ನಿಮ್ಮ ಆಸೆ ಹಿತ್ತಲಿನ ದಾಸವಾಳಕ್ಕೆ ಬರುವ ಸೂರಕ್ಕಿಯದಾದರೆ ಲೆಕ್ಕವೇ ಬೇರೆ. ಹತ್ತು ಸೆಂಟಿಮೀಟರ್ ಹಕ್ಕಿ, ಎಂಟು ಮೀಟರ್ ದೂರ. ಅಲ್ಲಿ 600 ಇದ್ದರೂ ಸಾಕು.

ಇನ್ನು ನನ್ನ ಕಸುಬಿನವನು ಮೊದಲು ನೋಡುವ ಜಾಗಕ್ಕೆ ಬರುತ್ತೇನೆ. ಕ್ಯಾಮೆರಾವನ್ನು ನಿಮ್ಮ ಮುಖದ ಕಡೆ ತಿರುಗಿಸಿ, ಲೆನ್ಸಿನ ಸುತ್ತಿನ ಬಳೆಯ ಮೇಲಿನ ಸಣ್ಣ ಅಕ್ಷರ ಓದಿ. ನಿಕಾನ್ ಪಿ900ರ ಮೇಲೆ 4.3-357 ಮಿ.ಮೀ., 1:2.8-6.5 ಎಂದಿರುತ್ತದೆ. ಪೆಟ್ಟಿಗೆ 2000 ಎಂದು ಹೇಳಿದರೂ ಲೆನ್ಸಿನ ನಿಜವಾದ ಅಳತೆ 357. ಒಳಗೆ ಚಿತ್ರ ಹಿಡಿಯುವ ಸೆನ್ಸರ್ ಕಿರುಬೆರಳಿನ ಉಗುರಿಗಿಂತ ಚಿಕ್ಕದಾಗಿರುವುದರಿಂದ ಅದು 2000ದಂತೆ ಹತ್ತಿರ ಕಾಣಿಸುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ಈ ಉಪಾಯದಿಂದಲೇ ನಮ್ಮಂಥವರ ಕೈಗೆಟಕುವ ಬೆಲೆಯಲ್ಲಿ ಉದ್ದ ಜೂಮ್ ಸಿಗುತ್ತಿದೆ. ಆದರೆ ಡಿಎಸ್‌ಎಲ್‌ಆರ್‌ನ (ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾದ) ಸೆನ್ಸರ್ ಇದರ ಸುಮಾರು 12 ಪಟ್ಟು ದೊಡ್ಡದು, ಅದಕ್ಕೆ ಸಿಗುವಷ್ಟು ಬೆಳಕು ಇದಕ್ಕೆ ಸಿಗುವುದಿಲ್ಲ. ಮೇಲಾಗಿ 6.5 ಎಂಬ ಕೊನೆಯ ಅಂಕಿ ಪೂರ್ತಿ ಜೂಮ್‌ನಲ್ಲಿ ಬೆಳಕಿನ ಬಾಗಿಲು ಎಷ್ಟು ಕಿರಿದಾಗುತ್ತದೆ ಎಂಬುದನ್ನು ಹೇಳುತ್ತದೆ; ಅಂಕಿ ಹೆಚ್ಚಿದಷ್ಟೂ ಬೆಳಕು ಕಡಿಮೆ. ಆದ್ದರಿಂದ ಇಂಥ ಕ್ಯಾಮೆರಾಗಳಿಗೆ ಬಿಸಿಲು ಬೇಕು. ಬೆಳಕಿಗೆ ಸೆನ್ಸರ್ ಎಷ್ಟು ಚುರುಕು ಎಂಬುದರ ಅಂಕಿಯಾದ ಐಎಸ್‌ಒ 400ರವರೆಗೆ ಗರಿ ಗರಿಯಾಗಿ ಕಾಣುತ್ತದೆ, 800 ದಾಟಿದರೆ ಬಣ್ಣ ಬಳಿದಂತಾಗುತ್ತದೆ. ಕಪ್ಪತಗುಡ್ಡದ ಕುರುಚಲು ಕಾಡಿನಲ್ಲಿ ಮೋಡ ಕವಿದ ದಿನ ನನಗೆ ಒಂದೇ ಒಂದು ಒಳ್ಳೆಯ ಚಿತ್ರವೂ ಸಿಕ್ಕಿಲ್ಲ.

ಸೆನ್ಸರ್‌ಗಿಂತ ದೊಡ್ಡ ಅಡ್ಡಿ ಇನ್ನೊಂದಿದೆ. ಬೆಳಗಿನ ಒಂಬತ್ತೂವರೆ ದಾಟಿದ ಮೇಲೆ ಎರೆ ಹೊಲದ ಮೇಲಿನ ಗಾಳಿ ಕಾಯುತ್ತದೆ, ಬಿಸಿಲುಗುದುರೆ ಏಳುತ್ತದೆ. ಆಗ ಇನ್ನೂರು ಮೀಟರ್ ಆಚೆಯ ಹಕ್ಕಿ ಬೆಣ್ಣೆ ಕರಗಿದಂತೆ ಕಾಣುತ್ತದೆ. ಎಷ್ಟೋ ಜನ ಇದನ್ನು ಕ್ಯಾಮೆರಾದ ದೋಷವೆಂದು ತಿಳಿದು ಒಳ್ಳೆಯ ಕ್ಯಾಮೆರಾಗಳನ್ನು ಮಾರಿಬಿಟ್ಟಿದ್ದಾರೆ. ಲಕ್ಷ ರೂಪಾಯಿಯ ಲೆನ್ಸಿಗೂ ಆ ಗಾಳಿಯೊಳಗಿಂದ ಸ್ಪಷ್ಟ ಚಿತ್ರ ತೆಗೆಯಲು ಆಗುವುದಿಲ್ಲ. ನಿಕಾನ್ ಪಿ1000 ಕ್ಯಾಮೆರಾದ 3000 ಮಿ.ಮೀ. ಜೂಮ್ ನೋಡಿ ಮರುಳಾಗುವವರಿಗೆ ಇದನ್ನೇ ಹೇಳುತ್ತೇನೆ. ಅದು ಸುಮಾರು 1.4 ಕಿಲೋ ತೂಗುತ್ತದೆ, ಜೂಮ್‌ನ ತುದಿಯಲ್ಲಿ ಬೆಳಕಿನ ಅಂಕಿ 8ಕ್ಕೆ ಏರುತ್ತದೆ. ಚಂದ್ರನ ಕುಳಿಗಳಿಗೆ ಚೆಂದ. ನಮ್ಮ ಕೆರೆಗಳಲ್ಲಿ ಆ ಕೊನೆಯ ಸಾವಿರ ಮಿಲಿಮೀಟರ್ ಕೆಲಸಕ್ಕೆ ಬರುವುದು ಚಳಿಗಾಲದ ಬೆಳಗಿನ ಮೊದಲ ಎರಡು ತಾಸು ಮಾತ್ರ.

ಹಾಗಾದರೆ ಯಾವುದು? ಹಳೆಯದನ್ನು ಕೊಳ್ಳಲು ಅಂಜಿಕೆ ಇಲ್ಲದವರಿಗೆ ನನ್ನ ಮೊದಲ ಮಾತು 2015ರಲ್ಲಿ ಬಂದ ಪಿ900. ನಾನು 2021ರಲ್ಲಿ ಕೈ ಬದಲಾದ ಒಂದನ್ನು 27 ಸಾವಿರಕ್ಕೆ ಕೊಂಡೆ, ಇಂದಿಗೂ ಅದರಲ್ಲೇ ತೆಗೆಯುತ್ತೇನೆ. ಕೈಯ ನಡುಕವನ್ನು ಅದು ಅಚ್ಚರಿಯಾಗುವಷ್ಟು ಚೆನ್ನಾಗಿ ತಡೆಯುತ್ತದೆ. ಕೊರತೆ ಎರಡು: ಮಾಮೂಲಿ ಜೆಪೆಗ್ ಚಿತ್ರ ಬಿಟ್ಟು, ಆಮೇಲೆ ತಿದ್ದಲು ಹೆಚ್ಚು ಅವಕಾಶವಿರುವ ರಾ ಫೈಲ್ ಕೊಡುವುದಿಲ್ಲ, ಒಮ್ಮೆಗೆ ಏಳು ಚಿತ್ರ ತೆಗೆದು ಕಾರ್ಡಿಗೆ ಬರೆಯುತ್ತ ನಿಂತುಬಿಡುತ್ತದೆ. 2020ರ ಪಿ950ರಲ್ಲಿ ರಾ ಇದೆ, ಕಣ್ಣಿಟ್ಟು ನೋಡುವ ಕಿಂಡಿ, ಅಂದರೆ ವ್ಯೂಫೈಂಡರ್ ಬಹಳ ಸ್ಪಷ್ಟ, ತಿರುಗಣೆಯ ಮೇಲೆಯೇ ಹಕ್ಕಿಯ ಗುರುತಿನ ಮೋಡ್ ಇದೆ. ಹೊಸದನ್ನೇ ಕೊಳ್ಳುವ ಶಕ್ತಿ ಇದ್ದರೆ ಅದು. ದಿನವಿಡೀ ನಡೆಯುವವರಿಗೆ, ತೂಕ ಹೊರಲಾರದವರಿಗೆ ಕ್ಯಾನನ್ ಎಸ್‌ಎಕ್ಸ್70 ಹಿತ: ಸುಮಾರು 610 ಗ್ರಾಂ, 1365 ಮಿ.ಮೀ. ಪ್ಯಾನಸೋನಿಕ್ ಎಫ್‌ಝಡ್82 ಕೂಡ ಹಗುರ, 1200ರವರೆಗೆ ಹೋಗುತ್ತದೆ, ಜೂಮ್‌ನ ತುದಿಯಲ್ಲಿ 5.9 ಇರುವುದರಿಂದ ಬೆಳಕಿನ ವಿಷಯದಲ್ಲಿ ತುಸು ಉದಾರ. ಆದರೆ ಅದರ ಹಳೆಯ ಮಾದರಿಯ ವ್ಯೂಫೈಂಡರ್ ಇಕ್ಕಟ್ಟು. 2024ರಲ್ಲಿ ಬಂದ ಎಫ್‌ಝಡ್82ಡಿಯಲ್ಲಿ ಅದನ್ನು ಸರಿಪಡಿಸಿದ್ದಾರೆ. ಸೋನಿ ಆರ್‌ಎಕ್ಸ್10ರ ನಾಲ್ಕನೆಯ ಮಾದರಿ ಇವೆಲ್ಲಕ್ಕಿಂತ ಮೇಲು, ಬೆಲೆಯೂ ಹಾಗೆಯೇ. ಈ ಬರಹದ ಎಲ್ಲೆಗೆ ಅದು ಬರುವುದಿಲ್ಲ.

ಹಾರುವ ಹಕ್ಕಿಯೇ ಬೇಕೆನ್ನುವವರು ಇವುಗಳಲ್ಲಿ ಯಾವುದನ್ನೂ ಕೊಳ್ಳಬೇಡಿ. ಕಳ್ಳಿಪೀರ ತಂತಿಯಿಂದ ಚಿಮ್ಮಿ ದುಂಬಿ ಹಿಡಿದು ಮರಳುವಷ್ಟರಲ್ಲಿ ಇವುಗಳ ಫೋಕಸ್ ಇನ್ನೂ ಹುಡುಕುತ್ತಲೇ ಇರುತ್ತದೆ. ಅಂಥವರಿಗೆ ಹಳೆಯ ಡಿಎಸ್‌ಎಲ್‌ಆರ್ ಮತ್ತು 70-300 ಲೆನ್ಸ್ ಸರಿ. ದೂರದ ಹಕ್ಕಿ ಚಿಕ್ಕದಾಗಿ ಕಾಣುತ್ತದೆ, ಅದನ್ನು ಒಪ್ಪಿಕೊಂಡೇ ಕೊಳ್ಳಬೇಕು.

ವ್ಯೂಫೈಂಡರ್ ಇಲ್ಲದ ಕ್ಯಾಮೆರಾ ಎಷ್ಟೇ ಅಗ್ಗವಾಗಿರಲಿ, ಬೇಡ. ನಮ್ಮ ಬಿಸಿಲಿನಲ್ಲಿ ಹಿಂಬದಿಯ ಪರದೆ ಕನ್ನಡಿಯಂತೆ ನಿಮ್ಮ ಮುಖವನ್ನೇ ತೋರಿಸುತ್ತದೆ. ಕಣ್ಣಿಗೆ, ಹುಬ್ಬಿಗೆ ಒತ್ತಿ ಹಿಡಿದ ಕ್ಯಾಮೆರಾ ಅಲುಗಾಡುವುದೂ ಕಡಿಮೆ. ಕನ್ನಡಕ ಹಾಕುವವರು ವ್ಯೂಫೈಂಡರ್ ಪಕ್ಕದಲ್ಲಿರುವ ಪುಟ್ಟ ಗಾಲಿಯನ್ನು ಹುಡುಕಿ. ಚಿತ್ರವನ್ನು ನೋಡದೆ ಅದರೊಳಗಿನ ಅಂಕಿಗಳನ್ನು ನೋಡುತ್ತ, ಅವು ಚೂಪಾಗಿ ಕಾಣುವವರೆಗೆ ತಿರುಗಿಸಿ. ಸಣ್ಣ ನಂಬರ್‌ನವರು ಕನ್ನಡಕ ತೆಗೆದೇ ನೋಡಬಹುದು. ಚೀಟಿಯಲ್ಲಿ ಸಿಲಿಂಡರ್ ನಂಬರ್ ಇರುವವರಿಗೆ ಆ ಗಾಲಿಯಿಂದ ಉಪಯೋಗವಿಲ್ಲ. ಅವರು ಕನ್ನಡಕ ಹಾಕಿಕೊಂಡೇ ನೋಡಬೇಕು. ಕ್ಯಾಮೆರಾ ಮಸುಕು ಎಂದು ದೂರುತ್ತ ಬಂದ ಇಬ್ಬರಿಗೆ ನಾನು ಕನ್ನಡಕದ ನಂಬರ್ ಬದಲಿಸಿ ಕೊಟ್ಟಿದ್ದೇನೆ. ಕ್ಯಾಮೆರಾ ಚೆನ್ನಾಗಿಯೇ ಇತ್ತು.

ಹಳೆಯದನ್ನು ಪರೀಕ್ಷಿಸದೆ ಹಣ ಕೊಡಬೇಡಿ. ನನ್ನ ಮೊದಲ ಕ್ಯಾಮೆರಾವನ್ನು ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಸಂಜೆಯ ದೀಪದ ಬೆಳಕಿನಲ್ಲಿ ನೋಡಿ ಕೊಂಡಿದ್ದೆ. ಮನೆಗೆ ಬಂದು ಲೆನ್ಸಿನ ಮೇಲೆ ಓರೆಯಾಗಿ ಟಾರ್ಚ್ ಬಿಟ್ಟರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆಯ ಎಳೆಗಳಂತೆ ಬೂಷ್ಟು ಹರಡಿತ್ತು. ಅದು ಗಾಜಿನ ಲೇಪವನ್ನೇ ತಿನ್ನುತ್ತದೆ, ಒರೆಸಿದರೆ ಹೋಗುವಂಥದ್ದಲ್ಲ. ಆ ಹಣ ಹಿಂದಿರುಗಿ ಬರಲಿಲ್ಲ. ಈಗ ಮೊಬೈಲ್ ಟಾರ್ಚನ್ನು ಮುಂದಿನಿಂದ, ಬದಿಯಿಂದ ಬಿಟ್ಟು ನೋಡದೆ ಮಾತಿಗೇ ಇಳಿಯುವುದಿಲ್ಲ. ಆಮೇಲೆ ಜೂಮ್ ಅನ್ನು ಹತ್ತು ಸಲ ಪೂರ್ತಿ ಹೊರಗೆ, ಒಳಗೆ ಓಡಿಸಿ ಕಿವಿಗೊಡಿ. ಮೋಟಾರಿನ ಸದ್ದು ಒಂದೇ ಸಮನಾಗಿರಬೇಕು. ಕರಕರ ಸದ್ದು ಬಂದರೆ ಒಳಗೆ ಮರಳು ಸೇರಿದೆ. ಉದ್ದ ಜೂಮ್ ಲೆನ್ಸು ಸೈಕಲ್ ಪಂಪಿನಂತೆ ಗಾಳಿಯೊಂದಿಗೆ ದೂಳನ್ನೂ ಎಳೆದುಕೊಳ್ಳುತ್ತದೆ, ಮನೆಯಲ್ಲಿ ಬಿಚ್ಚಿ ತೆಗೆಯಲು ಬರುವುದಿಲ್ಲ. ಅಪರ್ಚರ್ ಅಂಕಿಯನ್ನು (ಮೇಲೆ ಹೇಳಿದ ಬೆಳಕಿನ ಅಂಕಿ) 8ಕ್ಕೆ ಇಟ್ಟು, ಪೂರ್ತಿ ಜೂಮ್‌ನಲ್ಲಿ ಬರಿಯ ಆಕಾಶದ ಚಿತ್ರ ತೆಗೆಯಿರಿ. ದೂಳು ಕೂತಿದ್ದರೆ ಬೂದು ಚುಕ್ಕೆಗಳು ಕಾಣುತ್ತವೆ. ಒಂದೆರಡು ಇದ್ದರೆ ಚೌಕಾಸಿ ಮಾಡಿ, ಹತ್ತಿದ್ದರೆ ಬಿಟ್ಟು ಬನ್ನಿ.

ಕೊನೆಯ ಪರೀಕ್ಷೆ ನನ್ನ ಅಂಗಡಿಯದು. ಕಣ್ಣು ತಪಾಸಣೆಯ ಅಕ್ಷರಪಟ್ಟಿಯನ್ನು ಆರು ಮೀಟರ್ ದೂರದಿಂದ ಓದಿಸುತ್ತೇವಲ್ಲ, ಅದರ 6/6 ಸಾಲಿನ ಅಕ್ಷರ ಒಂಬತ್ತು ಮಿಲಿಮೀಟರ್ ಎತ್ತರವೂ ಇರುವುದಿಲ್ಲ. ಆ ಪಟ್ಟಿಯನ್ನು ಬಿಸಿಲು ಬೀಳುವ ಗೋಡೆಗೆ ಅಂಟಿಸಿ, ಹತ್ತು ಪಟ್ಟು ದೂರ, ಅಂದರೆ ಅರವತ್ತು ಮೀಟರ್ ಹಿಂದೆ ಹೋಗಿ ತೆಗೆಯಿರಿ. 1200 ಅಥವಾ ಅದಕ್ಕಿಂತ ಉದ್ದದ ಜೂಮ್ ಇರುವ ಆರೋಗ್ಯವಂತ ಕ್ಯಾಮೆರಾದಲ್ಲಿ ಆ ಸಾಲು ಓದಲು ಬರಬೇಕು. ಪಟ್ಟಿಯನ್ನು ಚಿತ್ರದ ನಡುವೆ ಒಮ್ಮೆ, ನಾಲ್ಕು ಮೂಲೆಗಳಲ್ಲಿ ಒಂದೊಂದು ಸಲ ಇಟ್ಟು ತೆಗೆಯಿರಿ. ಒಂದೇ ಬದಿ ಮಸುಕಾದರೆ ಆ ಕ್ಯಾಮೆರಾ ಎಲ್ಲೋ ಕೆಳಗೆ ಬಿದ್ದಿದೆ, ಗಾಜು ಜಾಗ ತಪ್ಪಿದೆ. ಡಿಜಿಟಲ್ ಜೂಮ್ ಆಫ್ ಮಾಡಿಯೇ ಇದನ್ನೆಲ್ಲ ಮಾಡಿ. ಅದು ಇದ್ದ ಚಿತ್ರವನ್ನು ಹಿಗ್ಗಿಸುತ್ತದೆಯೇ ಹೊರತು ಹೊಸದೇನನ್ನೂ ತೋರಿಸುವುದಿಲ್ಲ.

ಕೊಂಡ ಮೇಲೆ ಎರಡು ವಾರ ಭೀಷ್ಮ ಕೆರೆಯಂಥ ಊರೊಳಗಿನ ಜಾಗದಲ್ಲಿ ಕೈ ಪಳಗಿಸಿಕೊಳ್ಳಿ. ಧಾರವಾಡದವರಿಗೆ ಕೆಲಗೇರಿ, ಹುಬ್ಬಳ್ಳಿಯವರಿಗೆ ಉಣಕಲ್ ಕೆರೆ ಇದೆ. ಜೂಮ್ ಪೂರ್ತಿ ಚಾಚಿಕೊಂಡು ಹಕ್ಕಿ ಹುಡುಕಿದರೆ ಸಿಗುವುದಿಲ್ಲ. ಅಗಲ ನೋಟದಲ್ಲಿ ಹಕ್ಕಿಯನ್ನು ನಡುವಿಗೆ ತಂದು, ಅಲ್ಲಿಂದ ಹಂತಹಂತವಾಗಿ ಹತ್ತಿರ ಹೋಗಿ. ಫೋಕಸ್ ಚೌಕವನ್ನು ಅತಿ ಚಿಕ್ಕದಾಗಿಸಿ, ಇಲ್ಲದಿದ್ದರೆ ಹಕ್ಕಿ ಬಿಟ್ಟು ಜಾಲಿಯ ಮುಳ್ಳನ್ನು ಹಿಡಿಯುತ್ತದೆ. ಕೂತ ಹಕ್ಕಿಗೆ ಶಟರ್ ವೇಗ ಸೆಕೆಂಡಿನ 1/250 ಸಾಕು. ಬೆಳ್ಳಕ್ಕಿಗೆ ಎಕ್ಸ್‌ಪೋಷರ್ (ಚಿತ್ರಕ್ಕೆ ಕೊಡುವ ಬೆಳಕು) ಮುಕ್ಕಾಲು ಹಂತ ಕಡಿಮೆ, ಕಾಜಾಣಕ್ಕೆ ಅಷ್ಟೇ ಹೆಚ್ಚು ಮಾಡಿ. ಟ್ರೈಪಾಡ್‌ಗೆ ದುಡ್ಡು ಹಾಕಬೇಡಿ. ಹಳೆಯ ಪ್ಯಾಂಟಿನ ಕಾಲನ್ನು ಕತ್ತರಿಸಿ, ಒಂದೂವರೆ ಕಿಲೋ ಜೋಳ ತುಂಬಿ ಹೊಲಿಸಿದ ಚೀಲ ಬೈಕಿನ ಸೀಟಿನ ಮೇಲೆ, ಕೆರೆ ಏರಿಯ ಕಲ್ಲಿನ ಮೇಲೆ ಎಲ್ಲಿಯಾದರೂ ಕೂರುತ್ತದೆ. ಉಳಿದ ಹಣದಲ್ಲಿ ಇನ್ನೊಂದು ಅಸಲಿ ಬ್ಯಾಟರಿ ಕೊಳ್ಳಿ.

ಉದ್ದ ಜೂಮ್ ಬೇಕು ಎಂದು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಮಾಗಡಿಯ ಒಬ್ಬ ಹಿರಿಯ ರೈತ. ಮೊದಲ ವರ್ಷ ಹತ್ತಿರದ ಚಿತ್ರದ ಆಸೆಗೆ ನಾನು ನೀರಿನಂಚಿಗೆ ಇಳಿದಾಗ ಇಡೀ ಹಿಂಡು ಎದ್ದುಬಿಟ್ಟಿತು. ಏರಿಯ ಮೇಲೆ ನಿಂತಿದ್ದ ಅವರು ‘ತಮ್ಮಾ, ಅಷ್ಟು ದೂರದಿಂದ ಬಂದಿವೆ, ಹಗಲಾದರೂ ಕೂರಲು ಬಿಡು’ ಎಂದರು. ಆ ಹೆಬ್ಬಾತುಗಳು ರಾತ್ರಿ ಹೊಲಗಳಲ್ಲಿ ಮೇಯುವುದು ಇವರ ಬೆಳೆಯನ್ನೇ. ಆದರೂ ಹಾಗೆಂದರು. ಅಂದಿನಿಂದ ಏರಿ ಬಿಟ್ಟು ಕೆಳಗಿಳಿದಿಲ್ಲ. ಮಂಗೋಲಿಯದಲ್ಲಿ ಕೊರಳಿಗೆ ಅಕ್ಷರದ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಅಂಥದೊಂದರ ಕೊರಳನ್ನು ಏರಿಯ ಮೇಲಿಂದಲೇ ಓದಬೇಕೆಂಬ ಆಸೆ ನನಗಿದೆ, ಪ್ರತಿ ಭಾನುವಾರ ಒಂದೊಂದೇ ಕೊರಳನ್ನು ನೋಡುತ್ತ ಬರುತ್ತೇನೆ.

ಶಿರಹಟ್ಟಿಯ ಹುಡುಗ ಒಂದು ಹಳೆಯ ಪಿ900 ನೋಡಿ ಬಂದಿದ್ದಾನೆ. ಕೊಳ್ಳುವ ಮೊದಲು ಮಾರುವವರನ್ನೂ ಕರೆದುಕೊಂಡು ಅಂಗಡಿಗೆ ಬಾ, ಎದುರಿನ ಓಣಿಯ ಗೋಡೆಗೆ ಪಟ್ಟಿ ಅಂಟಿಸೋಣ ಎಂದಿದ್ದೇನೆ. ಬೆಳಿಗ್ಗೆ ಎಂಟಕ್ಕೇ ಬರಲು ಹೇಳಿದ್ದೇನೆ. ಹತ್ತು ದಾಟಿದರೆ ರಸ್ತೆಯ ಡಾಂಬರು ಕಾಯುತ್ತದೆ, ಅಕ್ಷರಗಳು ಕುಣಿಯತೊಡಗುತ್ತವೆ.