ಅರಿವಳಿಕೆಗೆ ಮುನ್ನ ಆರು ಉಸಿರು: ಯಾರ ಬಿಪಿ ಕುಸಿದೀತು?

ಜನರಲ್ ಅನಸ್ತೇಸಿಯಾ ಕೊಟ್ಟು ಸರ್ಜನ್ ಚಾಕು ಹಿಡಿಯುವವರೆಗಿನ ಕೆಲವು ನಿಮಿಷಗಳಲ್ಲೇ ಬಿಪಿ ಹೆಚ್ಚಾಗಿ ಬೀಳುತ್ತದೆ. ನಿದ್ದೆ ಬರಿಸುವ ಮದ್ದು ಪ್ರೊಪೊಫಾಲ್ ರಕ್ತನಾಳಗಳನ್ನು ಸಡಿಲಿಸುತ್ತದೆ. ಬಡಿತ ಏರಿಸಿ, ನಾಳ ಬಿಗಿಸಿ ಸರಿದೂಗಿಸಬೇಕಾದ ನರಗಳನ್ನೂ ಅದೇ ಮದ್ದು ಮಂಕಾಗಿಸುತ್ತದೆ. ಹಳೆಯ ಸಕ್ಕರೆ ಕಾಯಿಲೆಯವರಲ್ಲಿ ಆ ನರಗಳು ಮೊದಲೇ ಸೋತಿರಬಹುದು. ಅದನ್ನು ಹಿಂದಿನ ಸಂಜೆಯೇ ಇಸಿಜಿಯಲ್ಲಿ ನೋಡಿಕೊಳ್ಳಬಹುದು: ನರ ಚೆನ್ನಾಗಿದ್ದರೆ ಉಸಿರಿನ ಜೊತೆಗೆ ಬಡಿತವೂ ಏರಿಳಿಯುತ್ತದೆ.

ರೋಗಿ ಐದು ನಿಮಿಷ ಸುಮ್ಮನೆ ಮಲಗಿರಲಿ. ಚಾ ಕುಡಿದ, ಬೀಡಿ ಸೇದಿದ ಕೂಡಲೇ ಬೇಡ. ಇಸಿಜಿಯ ಲೀಡ್ 2 (ಹನ್ನೆರಡು ಗೆರೆಗಳಲ್ಲಿ ಒಂದು) ಓಡಿಸಿ, ಐದು ಸೆಕೆಂಡ್ ಉಸಿರೆಳೆದು ಐದು ಸೆಕೆಂಡ್ ಬಿಡಿಸಿ: ನಿಮಿಷಕ್ಕೆ ಆರು. ಕಾಸರಗೋಡಿನ ವಾರ್ಡಿನಲ್ಲಿ ಒಬ್ಬರಿಗೆ ಕನ್ನಡ, ಪಕ್ಕದವರಿಗೆ ತುಳು, ಆಚೆಯವರಿಗೆ ಮಲಯಾಳ. ಬಾಯಲ್ಲಿ ಎಣಿಸುವ ಬದಲು ನಿಮ್ಮ ಕೈಯನ್ನು ನಿಧಾನಕ್ಕೆ ಮೇಲೆತ್ತಿ ಇಳಿಸಿ. ಎಲ್ಲರೂ ಅದರ ಜೊತೆಗೇ ಉಸಿರಾಡುತ್ತಾರೆ.

ಕಾಗದದ ವೇಗ ಸೆಕೆಂಡಿಗೆ 25 ಮಿ.ಮೀ. ಇದ್ದಾಗ, ಎರಡು ಆರ್ ಅಲೆಗಳ (ಪ್ರತಿ ಬಡಿತದ ಎತ್ತರದ ಮೊನೆಗಳ) ನಡುವಿನ ಸಣ್ಣ ಚೌಕ ಎಣಿಸಿ 1500ನ್ನು ಅದರಿಂದ ಭಾಗಿಸಿ. ಉಸಿರೆಳೆಯುವಾಗ 18 ಚೌಕ (83 ಬಡಿತ), ಬಿಡುವಾಗ 23 (65 ಬಡಿತ) ಬಂದರೆ ವ್ಯತ್ಯಾಸ 18, ಒಳ್ಳೆಯದು. 15ಕ್ಕಿಂತ ಹೆಚ್ಚಿದ್ದರೆ ಸಹಜ, 10ಕ್ಕಿಂತ ಕಡಿಮೆಯಾದರೆ ಅನುಮಾನ. ವಯಸ್ಸಾದಂತೆ ಈ ವ್ಯತ್ಯಾಸ ತಾನಾಗಿಯೇ ಇಳಿಯುತ್ತದೆ, ಅಜ್ಜನಿಗೆ 8 ಬಂದಾಕ್ಷಣ ಗಾಬರಿ ಬೇಡ. ಏಟ್ರಿಯಲ್ ಫಿಬ್ರಿಲೇಶನ್ (ಬಡಿತ ಅಡ್ಡಾದಿಡ್ಡಿಯಾಗುವ ಕಾಯಿಲೆ) ಇದ್ದರೆ ಲೆಕ್ಕಕ್ಕೆ ಅರ್ಥವಿಲ್ಲ. ಬಡಿತ ತಗ್ಗಿಸುವ ಮಾತ್ರೆ ಮೆಟೊಪ್ರೊಲಾಲ್ ತೆಗೆದುಕೊಳ್ಳುವವರ ಅಂಕಿಯನ್ನೂ ಹಾಗೇ ನಂಬಬೇಡಿ.

ಬಳಿಕ ಮಲಗಿದ್ದಾಗಿನ ಬಿಪಿ ನೋಡಿ, ರೋಗಿಯನ್ನು ಎದ್ದು ನಿಲ್ಲಿಸಿ ಮೂರು ನಿಮಿಷದೊಳಗೆ ಮತ್ತೆ ನೋಡಿ. ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ಅನುಮಾನ ಗಟ್ಟಿಯಾಯಿತು. ಅನಸ್ತೇಸಿಯಾ ಡಾಕ್ಟರಿಗೆ ಅಂದೇ ಹೇಳಿ. ಬಿಪಿ ಮಾತ್ರೆಯ ಹೆಸರನ್ನೂ ಸ್ಟ್ರಿಪ್ ನೋಡಿ ಬರೆದಿಡಿ. ಟೆಲ್ಮಿಸಾರ್ಟಾನ್ ಸಾಮಾನ್ಯವಾಗಿ 24 ಗಂಟೆ ಮೊದಲು ನಿಲ್ಲಿಸುತ್ತಾರೆ, ಮೆಟೊಪ್ರೊಲಾಲ್ ಬೆಳಿಗ್ಗೆಯೂ ಮುಂದುವರಿಸುತ್ತಾರೆ. ತೀರ್ಮಾನ ಡಾಕ್ಟರದೇ.

ಮರುದಿನ ಥಿಯೇಟರಿನಲ್ಲಿ ಮದ್ದು ಕೊಡುವ ಮೊದಲೇ ಬಿಪಿ ಕಫ್ (ತೋಳಿಗೆ ಕಟ್ಟುವ ಪಟ್ಟಿ) ಯಂತ್ರವನ್ನು ಒಂದು ನಿಮಿಷದ ಅಂತರಕ್ಕೆ ಇಡಿ. ನಾಳ ಬಿಗಿಸಿ ಬಿಪಿ ಏರಿಸುವ ಫಿನೈಲೆಫ್ರಿನ್ 10 ಮಿ.ಗ್ರಾಂ.ನ ಒಂದು ಆಂಪೂಲ್ ಅನ್ನು 100 ಮಿ.ಲೀ. ಸಲೈನಿಗೆ ಹಾಕಿದರೆ ಮಿಲಿಗೆ ಸುಮಾರು 100 ಮೈಕ್ರೋಗ್ರಾಂ. ಲೇಬಲ್ ಅಂಟಿಸಿಯೇ ಟ್ರೇಗೆ ಹಾಕಿ. ಬೆರೆಸದ ಆಂಪೂಲ್ ತಪ್ಪಿ ಹೋದರೆ ಡೋಸ್ ನೂರು ಪಟ್ಟು. ನರ ಸೋತವರಲ್ಲಿ ಈ ಮದ್ದಿಗೆ ಬಿಪಿ ಜೋರಾಗಿ ಏರಬಹುದು, ಹಾಗಾಗಿ ಡಾಕ್ಟರು ಸಣ್ಣ ಡೋಸಿನಿಂದಲೇ ಶುರು ಮಾಡುತ್ತಾರೆ. ಯಂತ್ರ ತೋರಿಸುವ ಸರಾಸರಿ ಬಿಪಿ (ಎಂಎಪಿ) 65ಕ್ಕಿಂತ ಕೆಳಗಿಳಿದ ಕೂಡಲೇ ಗಟ್ಟಿಯಾಗಿ ಹೇಳಿ.

ಕೆಟ್ಟ ಅಂಕಿ ಬಂದಾಗ ಕಫ್ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಚಿಕ್ಕ ಕಫ್ ಬಿಪಿಯನ್ನು ಹೆಚ್ಚು ತೋರಿಸಿ ನಿಜವಾದ ಕುಸಿತ ಮುಚ್ಚಿಡುತ್ತದೆ. ತೋಳು ಹೃದಯದ ಮಟ್ಟಕ್ಕಿಂತ 10 ಸೆಂ.ಮೀ. ಮೇಲಿದ್ದರೆ ಅಂಕಿ 7ರಿಂದ 8ರಷ್ಟು ಕಡಿಮೆ ಬರುತ್ತದೆ.